ಒಂದೇ ಟ್ಯಾಂಕು, ಮೂರು ಕಟ್ಟಡ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಸಾಹೇಬರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು. "ಆರು ತಿಂಗಳು ನೋಡುತ್ತೇನೆ. ನೀವು ತಯಾರಿಸಿದ ಮೊದಲ ಕೆಲಸ ಪಾಸಾದರೆ ಇಲ್ಲೇ ಇರುತ್ತೀರಿ. ಆಗದಿದ್ದರೆ ಕೈ ಕುಲುಕಿ ಕಳಿಸಿಕೊಡುತ್ತೇನೆ." ಇಷ್ಟು ಹೇಳಿ, ಸೈಕಲ್ ಹೆಲ್ಮೆಟ್ಟನ್ನು ಗೋಡೆಯ ಮೊಳೆಗೆ ತೂಗುಹಾಕಿ, ಏನೂ ಆಗದವರಂತೆ ಚೀಸ್ ಸ್ಯಾಂಡ್‌ವಿಚ್ ತಿನ್ನಲು ಕುಳಿತರು.

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ನೆನೆದರೆ ಈಗ ನಗು ಬರುತ್ತದೆ. ಧಾರವಾಡದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವಳು ನಾನು. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಲಂಡನ್ನಿಗೆ ಬಂದೆ. ಗಂಡ ಮೈಸೂರಿನವರು, ಆಸ್ಪತ್ರೆಯ ಡಾಕ್ಟರು. ಅವರ ಟ್ರೇನಿಂಗ್ ಮುಗಿಯುವವರೆಗೆ ಊರಿಂದೂರಿಗೆ ಗಂಟುಮೂಟೆ ಹೊತ್ತು ತಿರುಗಿದ್ದೇ ತಿರುಗಿದ್ದು. ಕೊನೆಗೆ ಹೌನ್ಸ್ಲೋದಲ್ಲಿ ಒಂದು ಮನೆ ಅಂತ ಆಗುವಾಗ ಮಗಳಿಗೆ ಹತ್ತು ವರ್ಷ. ನನ್ನ ಡಿಗ್ರಿ ಸರ್ಟಿಫಿಕೇಟು ಸೂಟ್‌ಕೇಸಿನ ತಳದಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿ, ನುಸಿಗುಳಿಗೆಯ ವಾಸನೆ ಹಿಡಿದಿತ್ತು. ಕನ್ನಡದವರ ಕೂಟಗಳಲ್ಲಿ ಯಾರಾದರೂ "ನೀವೇನು ಮಾಡ್ತೀರಿ?" ಎಂದು ನನ್ನನ್ನು ಕೇಳಿದರೆ, ಪಕ್ಕದವರು "ಇವ್ರ ಯಜಮಾನ್ರು ಡಾಕ್ಟ್ರು" ಎಂದು ಉತ್ತರ ಕೊಡುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು ನಾನು. ಆದರೂ ಬಿಸಿಬೇಳೆ ಭಾತು ಬಡಿಸಿಕೊಂಡು ಸುಮ್ಮನಿರುತ್ತಿದ್ದೆ.

ಹೊಸ ಶತಮಾನದ ಮೊದಲ ವರ್ಷಗಳು ಅವು. ಕಟ್ಟಡಗಳಿಗೂ ಮಕ್ಕಳಿಗೆ ಕೊಡುವ ಹಾಗೆ ಮಾರ್ಕ್ಸ್ ಕಾರ್ಡು ಕೊಡುವ ಕಾಲ ಬಂದಿತ್ತು. ಬೆಳಕಿಗೆ ಇಷ್ಟು ಅಂಕ, ಗೋಡೆ ಬಿಸಿ ಹಿಡಿದಿಡುವುದಕ್ಕೆ ಇಷ್ಟು, ನೀರು ಉಳಿಸಿದರೆ ಇಷ್ಟು, ಸೈಕಲ್ ನಿಲ್ಲಿಸಲು ಜಾಗವಿದ್ದರೆ ಇಷ್ಟು. ಎಲ್ಲ ಕೂಡಿಸಿ ಒಂದು ದರ್ಜೆ, ಆ ದರ್ಜೆಗೊಂದು ಹಸಿರು ಪ್ರಮಾಣಪತ್ರ. ನಮ್ಮ ಸಾಹೇಬರು ಆ ಅಂಕ ಹಾಕುವ ಲೈಸೆನ್ಸ್ ಪಡೆದವರು. ಅರವತ್ತು ದಾಟಿದ, ಕಡ್ಡಿಯ ಹಾಗಿದ್ದ ಇಂಗ್ಲಿಷ್ ಮನುಷ್ಯ. ಹೌನ್ಸ್ಲೋದ ದಿನಸಿ ಅಂಗಡಿಯೊಂದರ ಮೇಲಿನ ಎರಡು ಕೋಣೆಯೇ ಅವರ ಆಫೀಸು. ಅಲ್ಲಿದ್ದವರು ಅವರು ಮತ್ತು ನಾನು, ಇಬ್ಬರೇ. ಅವರು ಪರಿಶೀಲಿಸಿ ಸಹಿ ಹಾಕಬೇಕು, ನಾನು ಓಡಾಡಿ ಸಾಕ್ಷಿ ಕೂಡಿಸಿ ಫೈಲು ಕಟ್ಟಬೇಕು.

ನನ್ನ ಪಾಲಿಗೆ ಬಂದ ಮೊದಲ ಕೆಲಸ ಪಾರ್ಕ್ ರಾಯಲ್ ಎಂಬ ಕಾರ್ಖಾನೆಗಳ ಪ್ರದೇಶದಲ್ಲಿ. ತಿಂಡಿ ತಿನಿಸು ತಯಾರಿಸುವ ಕಂಪನಿಯೊಂದು ಅಲ್ಲಿ ಹಳೆಯ ಕಾರ್ಖಾನೆ ಕೆಡವಿ ಮೂರು ಕಟ್ಟಡ ಎಬ್ಬಿಸಿತ್ತು. ಒಂದು ದೊಡ್ಡ ಅಡುಗೆಮನೆ, ಒಂದು ಗೋದಾಮು, ಮತ್ತೆ ಕೆಲಸಕ್ಕೆ ಬರುವವರ ಮಕ್ಕಳಿಗಾಗಿ ಪುಟ್ಟದೊಂದು ಶಿಶುವಿಹಾರ. ಜಾಗ ಒಂದೇ, ಗೇಟು ಒಂದೇ, ಸೈಕಲ್ ಶೆಡ್ಡು ಒಂದೇ. ಮೂರೂ ಸೂರಿನ ಮಳೆನೀರು ಬಂದು ಬೀಳುವ ನೆಲದಡಿಯ ಟ್ಯಾಂಕು ಕೂಡ ಒಂದೇ. ಅದರ ನೀರು ಮೂರೂ ಕಟ್ಟಡದ ಟಾಯ್ಲೆಟ್ಟಿಗೆ. ಆದರೆ ಪ್ರಮಾಣಪತ್ರ ಮಾತ್ರ ಮೂರಕ್ಕೂ ಬೇರೆ ಬೇರೆ, ಮೂರೂ ಒಂದೇ ದರ್ಜೆಯವು ಬೇಕು. ಅಡುಗೆಮನೆ, ಗೋದಾಮು ಆಗಲೇ ನಡೆಯುತ್ತಿದ್ದವು. ಮೂರೂ ಪತ್ರ ಕೈಗೆ ಬಂದ ಮೇಲೆಯೇ ಶಿಶುವಿಹಾರದ ಬಾಗಿಲು ತೆಗೆಯಬಹುದು ಎಂಬುದು ಸ್ಥಳೀಯ ಕೌನ್ಸಿಲ್‌ನವರ ಷರತ್ತು.

ನಾನು ಆ್ಯಕ್ಟನ್ ಟೌನ್‌ನಲ್ಲಿ ಟ್ಯೂಬ್ ರೈಲು ಬದಲಿಸಿ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ನನ್ನ ಪಾದಕ್ಕಿಂತ ಎರಡು ಸೈಜು ದೊಡ್ಡದಾದ ಸೇಫ್ಟಿ ಬೂಟಿನಲ್ಲಿ ದಿನಾ ಅಲ್ಲಿಗೆ ಹೋಗುತ್ತಿದ್ದೆ. ಹುರಿದ ಈರುಳ್ಳಿಯ ವಾಸನೆ ಸ್ಟೇಷನ್ನಿನವರೆಗೂ ಬರುತ್ತಿತ್ತು. ಎಷ್ಟು ಖುಷಿಯಾಗಿದ್ದೆ ಎಂದರೆ, ಒಂದು ದಿನ ತಲೆಯ ಮೇಲಿನ ಹಳದಿ ಹೆಲ್ಮೆಟ್ ತೆಗೆಯುವುದನ್ನೇ ಮರೆತು ಮನೆಯವರೆಗೂ ಬಂದುಬಿಟ್ಟಿದ್ದೆ. ಶಾಲೆಯಿಂದ ಬಂದ ಮಗಳು, "ಮಮ್, ನೀನು ಹೀಗೇ ಟ್ಯೂಬ್‌ನಲ್ಲಿ ಬಂದ್ಯಾ?" ಎಂದು ಇಂಗ್ಲಿಷಿನಲ್ಲಿ ಚೀರಿ, ಕಿಟಕಿಯ ಪರದೆ ಎಳೆದಳು.

ನೀರಿನ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ಈ ಕಟ್ಟಡಕ್ಕೆ ಮಳೆನೀರಿನ ಟ್ಯಾಂಕು ಇದೆಯೇ, ಇದ್ದರೆ ಎಷ್ಟು ಲೀಟರಿನದು? ನಾನು ಅಡುಗೆಮನೆಯ ಫೈಲಿನಲ್ಲಿ "ಇದೆ, ಮೂವತ್ತು ಸಾವಿರ" ಎಂದು ಬರೆದೆ. ಗೋದಾಮಿನ ಫೈಲಿನಲ್ಲೂ "ಇದೆ, ಮೂವತ್ತು ಸಾವಿರ" ಎಂದೆ. ಶಿಶುವಿಹಾರಕ್ಕೂ ಅದೇ. ಒಂದು ಕ್ಷಣವೂ ಕೈ ತಡೆಯಲಿಲ್ಲ. ಸಾಕ್ಷಿಗೆ ಫೋಟೋ ಬೇಕಲ್ಲ? ಟ್ಯಾಂಕಿನ ಕಬ್ಬಿಣದ ಮುಚ್ಚಳವನ್ನು ಒಂದು ಸಲ ಅಡುಗೆಮನೆ ಹಿಂದೆ ಕಾಣುವ ಹಾಗೆ ನಿಂತು ತೆಗೆದೆ, ಒಂದು ಸಲ ಗೋದಾಮು ಕಾಣುವ ಹಾಗೆ, ಇನ್ನೊಂದು ಸಲ ನೆಲದ ಮೇಲೆ ಮಂಡಿಯೂರಿ ಶಿಶುವಿಹಾರದ ಕೆಂಪು ಬಾಗಿಲು ಕಾಣುವ ಹಾಗೆ. ಪೈಪು ಜೋಡಿಸುತ್ತಿದ್ದ ಐರಿಷ್ ಪ್ಲಂಬರೊಬ್ಬ ಕೆಲಸ ನಿಲ್ಲಿಸಿ ನೋಡಿದ. "ಏನು, ಮುಚ್ಚಳದ ಮದುವೆ ಆಲ್ಬಮ್ ಮಾಡಿಸ್ತಾ ಇದ್ದೀರಾ?" ಎಂದ. ನಾನೂ ನಕ್ಕೆ. ಆಗಲಾದರೂ ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ.

ಸಾಹೇಬರು ಆ ವಾರ ಜ್ವರದಲ್ಲಿ ಮಲಗಿದ್ದರು. ಫೈಲುಗಳನ್ನು ಮನೆಗೇ ತರಿಸಿಕೊಂಡು, ಒಂದೊಂದು ದಿನ ಒಂದೊಂದನ್ನು ನೋಡಿ ಸಹಿ ಹಾಕಿದರು. ಪ್ರಮಾಣಪತ್ರ ಕೊಡುವ ಸಂಸ್ಥೆಗೆ ಮೂರೂ ಹೋದವು. ನಾನು ಶುಕ್ರವಾರ ಮಧ್ಯಾಹ್ನ ಹಾಡು ಗುನುಗುತ್ತ ನಮ್ಮ ಪ್ರತಿಗಳನ್ನು ಜೋಡಿಸಿಡುತ್ತಿದ್ದೆ. ಮೂರು ಫೋಟೋಗಳು ಮೇಜಿನ ಮೇಲೆ ಅಕ್ಕಪಕ್ಕ ಬಿದ್ದವು. ಮೂರರಲ್ಲೂ ಮುಚ್ಚಳದ ಒಂದು ಮೂಲೆ ಒಡೆದಿತ್ತು. ಮೂರರಲ್ಲೂ ಒಡೆದ ಮೂಲೆಯ ಪಕ್ಕ ಗುಲಾಬಿ ಬಣ್ಣದ ಚೂಯಿಂಗ್ ಗಮ್ ಅಂಟಿತ್ತು. ಒಂದು ಟ್ಯಾಂಕನ್ನು ನಾನು ಮೂರು ಮಾಡಿ ಕಳಿಸಿದ್ದೆ. ಪಾರ್ಕ್ ರಾಯಲ್ ನೆಲದಡಿಯಲ್ಲಿ ಇಲ್ಲದ ಅರವತ್ತು ಸಾವಿರ ಲೀಟರ್ ನೀರು ನನ್ನ ಕೈಬರಹದಲ್ಲಿ ತುಂಬಿ ತುಳುಕುತ್ತಿತ್ತು.

ಇದನ್ನು ಬೇರೆ ಯಾರಾದರೂ ಮಾಡುತ್ತಿದ್ದರೋ ಇಲ್ಲವೋ ನನಗೆ ಅನುಮಾನ. ನಾನು ಬೆಳೆದದ್ದು ಧಾರವಾಡದ ಒಂದು ವಾಡೆಯಲ್ಲಿ. ಅಂಗಳದ ಸುತ್ತ ಐದು ಬಾಡಿಗೆ ಮನೆ, ನಡುವೆ ಒಂದು ಬಾವಿ. ಹೆಣ್ಣು ನೋಡಲು ಬಂದವರು "ಮನ್ಯಾಗ ಬಾವಿ ಅದ ಏನ್ರಿ?" ಎಂದು ಕೇಳಿದರೆ ಐದೂ ಮನೆಯವರು "ಅದರೀ" ಎಂದೇ ಹೇಳುತ್ತಿದ್ದರು. ಅದು ಸುಳ್ಳಲ್ಲ. ಐದರಲ್ಲೊಂದು ಪಾಲು ಬಾವಿ ಇದೆ ಎಂದು ಯಾರಾದರೂ ಹೇಳುತ್ತಾರೆಯೇ? ನನ್ನ ಮಟ್ಟಿಗೆ, ಐದು ಮನೆಯ ಬಾವಿ ಎಂದರೆ ಐದು ಮನೆಗೂ ಒಂದೊಂದು ಇಡೀ ಬಾವಿ. ಮೂರು ಕಟ್ಟಡದ ಟ್ಯಾಂಕೂ ಹಾಗೆಯೇ.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಟೋಸ್ಟಿಗೆ ಬೆಣ್ಣೆ ಸವರುತ್ತ, "ಅಷ್ಟೇ ತಾನೆ? ಸೋಮವಾರ ಹೇಳ್ಬಿಡು. ಈ ಕೆಲ್ಸ ಹೋದ್ರೆ ಇನ್ನೊಂದು ಸಿಗುತ್ತೆ" ಎಂದರು.

"ನಿಮಗೇನ್ರೀ, ಭಾಳ ಹಗುರ ಮಾತು! ಇನ್ನೊಂದು ಅಂದ್ರ ಅದೇನ್ ಅಂಗಡ್ಯಾಗ ಸಿಗ್ತದ? ಇದೊಂದ್ ಸಿಗೂದಕ್ಕ ನನಗ ಎಷ್ಟ್ ವರ್ಷಾ ಹಿಡೀತು, ಗೊತ್ತದ ಇಲ್ಲೊ?"

"ಹಾಗಾದ್ರೆ ಹೇಳ್ಬೇಡ."

"ಹೇಳಬ್ಯಾಡ ಅಂತೀರಲ್ಲ, ನಾಚಿಕಿ ಬರೂದಿಲ್ಲೇನ್ ನಿಮಗ?"

ಪಾಪ, ಅವರು ಟೋಸ್ಟಿನ ತಟ್ಟೆ ತೆಗೆದುಕೊಂಡು ಮೆಲ್ಲಗೆ ಟಿವಿಯ ಕೋಣೆಗೆ ಹೋದರು. ನಾನು ಆ ಎರಡು ದಿನದಲ್ಲಿ ಮನೆಯ ಎಲ್ಲ ಡಬ್ಬಿ ತೊಳೆದೆ. ಸುಮ್ಮನಿರಬಹುದು ಎಂಬ ಆಸೆ ನನಗೂ ಬಂದಿತ್ತು, ಸುಳ್ಳೇಕೆ ಹೇಳಲಿ? ಮೂರು ಫೈಲು ಮೂವರ ಮೇಜಿಗೆ ಹೋಗುತ್ತವೆ. ಚೂಯಿಂಗ್ ಗಮ್ಮನ್ನು ಹೋಲಿಸಿ ನೋಡುವ ತಲೆಕೆಟ್ಟವರು ಯಾರಿದ್ದಾರೆ? ಆದರೆ ಹದಿನಾಲ್ಕು ವರ್ಷ ಕಾದು ಸಿಕ್ಕಿದ ಇಂಜಿನಿಯರ್ ಕೆಲಸ ಇಲ್ಲದ ನೀರಿನ ಮೇಲೆ ನಿಂತಿದ್ದರೆ, ಅದು ಇದ್ದೂ ಇಲ್ಲದ ಹಾಗೆ ಅನ್ನಿಸಿತು. ಭಾನುವಾರ ಸಂಜೆ ಕೊನೆಯ ಡಬ್ಬಿ ಒರೆಸುವಾಗ ಹೇಳುವುದೆಂದು ನಿರ್ಧಾರವಾಯಿತು.

ಸೋಮವಾರ ಸಾಹೇಬರು ಗುಣವಾಗಿ ಬಂದಿದ್ದರು. ಅವರು ಹೆಲ್ಮೆಟ್ ತೆಗೆಯುವ ಮೊದಲೇ ಮೂರು ಫೋಟೋ ಅವರ ಮುಂದಿಟ್ಟೆ. ಅವರು ಒಂದೊಂದಾಗಿ ನೋಡಿದರು. ಚೂಯಿಂಗ್ ಗಮ್ ಮೇಲೆ ಬೆರಳಿಟ್ಟರು. "ನನ್ನ ಕಣ್ಣಿಗೂ ಬೀಳಲಿಲ್ಲವಲ್ಲ" ಎಂದರು. ಆಮೇಲೆ ಒಂದೇ ಮಾತು ಕೇಳಿದರು. "ಯಾಕೆ ಹೀಗೆ ಮಾಡಿದಿರಿ?"

ನಾನು ವಾಡೆಯ ಕತೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಕುತೂಹಲದಿಂದ ಮುಂದಕ್ಕೆ ಬಾಗಿದರು. "ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಏನು ಮಾಡುತ್ತಿದ್ದಿರಿ? ಆಗ ಹಂಚಿಕೊಳ್ಳಲೇಬೇಕಲ್ಲ?"

"ನಾನು ಚಿಕ್ಕವಳು, ನೆನಪಿಲ್ಲ. ನಮ್ಮ ಅವ್ವನಿಗೆ ಗೊತ್ತಿರುತ್ತದೆ."

"ಹಾಗಾದರೆ ಕೇಳಿ" ಎಂದರು.

ಈ ಮನುಷ್ಯನಿಗೆ ಜ್ವರ ಇನ್ನೂ ಬಿಟ್ಟಿಲ್ಲ ಎಂದುಕೊಂಡೆ. ಕೆಲಸ ಹೋಗುವುದಂತೂ ಖಂಡಿತ, ಹೋಗುವ ಮೊದಲು ಅವ್ವನ ಜೊತೆ ಮಾತಾದರೂ ಆಗಲಿ ಎಂದು ಕೆಳಗಿನ ಅಂಗಡಿಗೆ ಹೋಗಿ ಭಾರತಕ್ಕೆ ಅಗ್ಗದಲ್ಲಿ ಮಾತಾಡುವ ಫೋನ್ ಕಾರ್ಡ್ ತಂದೆ. ಅಂಗಡಿಯಲ್ಲಿ ಸಾಲಿತ್ತು, ತುಸು ಹೊತ್ತಾಯಿತು. ಮೇಲೆ ಬಂದು ಆಫೀಸಿನ ಫೋನಿನಿಂದ ಧಾರವಾಡಕ್ಕೆ ಹಚ್ಚಿದೆ.

"ಏನವಾ, ಸೋಮವಾರ ಫೋನ್ ಹಚ್ಚಿದಿ? ಎಲ್ಲಾರೂ ಆರಾಮ ಇದ್ದೀರಿಲ್ಲೊ?"

"ಆರಾಮ ಇದ್ದೇವಿ. ಅವ್ವಾ, ಬ್ಯಾಸಿಗ್ಯಾಗ ವಾಡೇದ ಬಾವಿ ನೀರು ಹೆಂಗ ಹಂಚತಿದ್ರಿ?"

"ಲಂಡನ್ನಾಗ ನೀರ್ ನಿಂತಾವೇನ?"

"ಇಲ್ಲವ್ವಾ, ಕೆಲಸಕ್ಕ ಬೇಕಾಗೇದ. ಹೇಳ."

"ಮನಿಗೆ ಇಷ್ಟ ಅಂತ ಅಲ್ಲ, ಆಳಿಗೆ ಇಷ್ಟ ಅಂತ. ಒಂದ ಆಳಿಗೆ ಮೂರ ಕೊಡ. ಬಾಣಂತಿ ಇದ್ದ ಮನಿಗೆ ಎರಡ ಕೊಡ ಜಾಸ್ತಿ. ಮೂಲಿಮನಿ ಮಾಸ್ತರು ಒಬ್ರ ಇದ್ರಲ್ಲ, ಸಾಲ್ಯಾಗ ಸ್ನಾನಾ ಮಾಡಿ ಬರ್ತಿದ್ರು, ಅವರು ತಮ್ಮ ಪಾಲು ಬಿಟ್ಟುಕೊಡತಿದ್ರು. ಆದ್ರ ಅವರನ್ನ ಕೇಳಬೇಕಿತ್ತವಾ. ಕೇಳದ ತಗೊಂಡ್ರ ಸಿಟ್ಟಿಗೇಳತಿದ್ರು."

ನಾನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಸಾಹೇಬರು ಬರೆದುಕೊಂಡರು. ಆಮೇಲೆ ಕಪಾಟಿನಿಂದ ದಪ್ಪ ನಿಯಮಪುಸ್ತಕ ತೆಗೆದು ಹಿಂದಿನ ಪುಟವೊಂದನ್ನು ತೋರಿಸಿದರು. ಒಂದೇ ಜಾಗದ ಹಲವು ಕಟ್ಟಡಗಳು ಒಂದು ಸೌಕರ್ಯ ಹಂಚಿಕೊಂಡರೆ, ಬಳಸುವ ಜನರ ಲೆಕ್ಕದಲ್ಲಿ ಪಾಲು ಹಾಕಬೇಕು. ಒಂದು ಕಟ್ಟಡದವರು ಬರೆದುಕೊಟ್ಟರೆ ಅವರ ಪಾಲನ್ನು ಇನ್ನೊಂದಕ್ಕೆ ಸೇರಿಸಬಹುದು. ನಮ್ಮ ಅವ್ವನಿಗೆ ಗೊತ್ತಿದ್ದದ್ದನ್ನೇ ಚಿಕ್ಕ ಅಕ್ಷರದಲ್ಲಿ ಛಾಪಿಸಿದ್ದರು. ಆ ದಿನವೇ ಮೂರೂ ಫೈಲು ವಾಪಸ್ ಕೇಳಿ ಪತ್ರ ಬರೆದೆವು. ನನ್ನ ಕೆಲಸದ ವಿಷಯ ಅವರು ಎತ್ತಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ.

ಹೊಸ ಲೆಕ್ಕ ಹಾಕಿದಾಗ ಅಡುಗೆಮನೆ ಪಾಸಾಯಿತು, ಗೋದಾಮು ಧಾರಾಳವಾಗಿ ಪಾಸಾಯಿತು. ಶಿಶುವಿಹಾರಕ್ಕೆ ಮಾತ್ರ ಒಂದು ಅಂಕ ಕಡಿಮೆ ಬಿತ್ತು. ಗೋದಾಮು ತನ್ನ ನೀರಿನ ಪಾಲು ಬಿಟ್ಟುಕೊಟ್ಟರೆ ಆ ಅಂಕ ಸಿಗುತ್ತಿತ್ತು, ಗೋದಾಮಿನ ದರ್ಜೆಗೂ ಏನೂ ಆಗುತ್ತಿರಲಿಲ್ಲ. ಅಲ್ಲಿಯ ಮ್ಯಾನೇಜರನ ಒಂದು ಸಹಿ ಸಾಕು.

ಮ್ಯಾನೇಜರ್ ಉತ್ತರ ಇಂಗ್ಲೆಂಡಿನ ದೊಡ್ಡ ಮೈಯ ಮನುಷ್ಯ. ಕಾಗದ ಓದಿ ನನ್ನ ಕೈಗೇ ತಿರುಗಿಸಿ ಕೊಟ್ಟ. "ಇಲ್ಲಿ ಎಲ್ಲಕ್ಕಿಂತ ದೊಡ್ಡ ಸೂರು ಯಾರದು? ನಮ್ಮದು. ಟ್ಯಾಂಕಿಗೆ ಬೀಳುವ ಮಳೆ ಯಾರದು? ನಮ್ಮದು. ನಾನೇಕೆ ಕೊಡಲಿ?" ಎಂದ. ಮಳೆಯೂ ನಿನ್ನದೇನಪ್ಪಾ ಎಂದು ನಾಲಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹೊರಗೆ ಬಂದೆ.

ನನ್ನ ಪ್ರೊಬೇಷನ್ನಿಗೆ ಆಗ ಉಳಿದಿದ್ದದ್ದು ಎರಡು ತಿಂಗಳು. ಟ್ಯೂಬಿನಲ್ಲಿ ಮುಖ ಊದಿಸಿಕೊಂಡು ಕುಳಿತು ಯೋಚಿಸಿದೆ. ನಾನು ಬೇಡಿದ್ದೇನೆಯೇ ಹೊರತು ಅವನನ್ನು ಏನೂ ಕೇಳಿಲ್ಲ. ಅವನಿಗೆ ಏನು ಕಷ್ಟವೋ ನನಗೆ ಗೊತ್ತೇ ಇಲ್ಲ.

ಮರುವಾರ ಮತ್ತೆ ಹೋದೆ. ಈ ಸಲ ಕಾಗದ ಚೀಲದಲ್ಲೇ ಇತ್ತು, ಕೈಯಲ್ಲಿ ಅವಲಕ್ಕಿ ಚೂಡಾದ ಡಬ್ಬಿ. ಆ ಊರಿನಲ್ಲಿ ಕೆಲಸದ ಜಾಗಕ್ಕೆ ಯಾರೂ ಹಾಗೆ ತಿಂಡಿ ಹೊತ್ತುಕೊಂಡು ಹೋಗುವುದಿಲ್ಲ. ನನಗೆ ಬರಿಗೈಯಲ್ಲಿ ಎರಡನೇ ಸಲ ಹೋಗಿ ಗೊತ್ತಿಲ್ಲ. ಅವನು ಅನುಮಾನದಿಂದ ಒಂದು ಶೇಂಗಾ ತೆಗೆದು ಬಾಯಿಗೆ ಹಾಕಿಕೊಂಡ. ಆಮೇಲೆ ಒಂದು ಹಿಡಿ. ಮೂರನೆಯ ಹಿಡಿಗೆ ಅವನ ಸಂಕಟ ಹೊರಗೆ ಬಂತು. ಶಿಶುವಿಹಾರ ಶುರುವಾದರೆ ಬೆಳಿಗ್ಗೆ ತಾಯಂದಿರ ಕಾರು, ಮಕ್ಕಳ ತಳ್ಳುಗಾಡಿ, ಎಲ್ಲ ಲಾರಿ ಬರುವ ಗೇಟಿನಲ್ಲೇ. "ಒಂದು ಮಗುವಿಗೆ ಏನಾದರೂ ಆದರೆ? ನನ್ನ ಡ್ರೈವರ್‌ಗಳು ಹೇಗೆ ಬದುಕಬೇಕು? ನನ್ನನ್ನು ಯಾರಾದರೂ ಕೇಳಿದರಾ?" ಎಂದ. ಒಂದು ವಾರ ಮನಸ್ಸಿನಲ್ಲೇ ಅವನನ್ನು ಬಾಯಿಗೆ ಬಂದಂತೆ ಬೈದಿದ್ದಕ್ಕೆ ನನಗೆ ನಾಚಿಕೆಯಾಯಿತು.

ಶಿಶುವಿಹಾರದ ಮುಖ್ಯಸ್ಥೆ ಎದುರಿನಲ್ಲೇ ಪುಟ್ಟ ಕುರ್ಚಿಗಳನ್ನು ಇಳಿಸಿಕೊಳ್ಳುತ್ತಿದ್ದಳು. ಟ್ರಿನಿಡಾಡ್ ಕಡೆಯವಳು, ಅವಳು ನಕ್ಕರೆ ಇಡೀ ಅಂಗಳಕ್ಕೆ ಕೇಳುತ್ತಿತ್ತು. ಅವಳೂ ಮ್ಯಾನೇಜರೂ ತಿಂಗಳುಗಟ್ಟಲೆ ಒಂದೇ ಗೇಟಿನಲ್ಲಿ ಓಡಾಡಿದ್ದರೂ ಒಂದು ದಿನವೂ ಮಾತಾಡಿರಲಿಲ್ಲ. ಹೋಗಿ ಕರೆದುಕೊಂಡು ಬಂದೆ. ಗೋದಾಮಿನಲ್ಲಿ ಮೂರು ಪೆಟ್ಟಿಗೆಗಳ ಮೇಲೆ ಕುಳಿತೆವು, ನಡುವೆ ಚೂಡಾದ ಡಬ್ಬಿ. ಅವಳಿಗೂ ಅದೇ ಹೆದರಿಕೆ ಇತ್ತಂತೆ, ಲಾರಿಗಳನ್ನು ನೋಡಿದಾಗಲೆಲ್ಲ. ಸೈಕಲ್ ಶೆಡ್ಡಿನ ಹಿಂದೆ ಬೇಲಿಯಲ್ಲಿ ಒಂದು ಚಿಕ್ಕ ಬಾಗಿಲಿತ್ತು, ಕಟ್ಟಡ ಕೆಲಸದವರು ಓಡಾಡಿ ಬೀಗ ಹಾಕಿ ಬಿಟ್ಟದ್ದು. ತಾಯಂದಿರು ಕಾರು ಹೊರರಸ್ತೆಯಲ್ಲೇ ನಿಲ್ಲಿಸಿ ಅಲ್ಲಿಂದ ನಡೆದು ಬರಲಿ ಎಂದು ಅವಳು ಅಂದಳು. ಆ ಬೀಗದ ಕೈ ತನ್ನ ಬಳಿಯೇ ಇದೆ, ನಾಳೆಯೇ ತೆಗೆಸುತ್ತೇನೆ ಎಂದು ಇವನು ಅಂದ. ಮಾತು ಮುಗಿಯುವ ಮೊದಲೇ, "ಎಲ್ಲಿ ಆ ಕಾಗದ?" ಎಂದು ಕೈ ಚಾಚಿದ. ಸಹಿಯ ಮೇಲೆ ಅರಿಸಿನದ ಕಲೆ ಬಿತ್ತು. ಅದನ್ನು ಹಾಗೇ ಫೈಲಿಗೆ ಹಾಕಿದೆ.

ಸಂಸ್ಥೆಯಿಂದ ಪರಿಶೀಲನೆಗೆ ಒಬ್ಬ ಹೆಂಗಸು ಬಂದಳು. ಮುಚ್ಚಳ ತೆಗೆಸಿ ಟಾರ್ಚು ಬಿಟ್ಟು ನೋಡಿ, "ಟ್ಯಾಂಕು ಇದೊಂದೇ ತಾನೆ?" ಎಂದು ಕೇಳಿದಳು. "ಒಂದೇ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ, ಗೋದಾಮಿನ ಒಳಗಿನವರೂ ತಿರುಗಿ ನೋಡಿದರು. ಎರಡು ವಾರದಲ್ಲಿ ಮೂರೂ ಪ್ರಮಾಣಪತ್ರ ಬಂದವು, ಮೂರೂ ಒಂದೇ ದರ್ಜೆಯವು.

ಅವತ್ತು ಸಂಜೆ ಸಾಹೇಬರು ಮೇಜಿನ ಖಾನೆ ಎಳೆದು ಒಂದು ಲಕೋಟೆ ಕೊಟ್ಟರು. ಕೆಲಸ ಖಾಯಂ ಮಾಡಿದ ಪತ್ರ. ನಿಂತಲ್ಲೇ ಓದಿದೆ, ಮತ್ತೊಮ್ಮೆ ಓದಿದೆ. ಆಮೇಲೆ ಮೇಲಿನ ತಾರೀಖು ಕಣ್ಣಿಗೆ ಬಿತ್ತು. ಅದು ಏಳು ವಾರ ಹಿಂದಿನದು. ನಾನು ಮೂರು ಫೋಟೋ ಅವರ ಮುಂದಿಟ್ಟ ಸೋಮವಾರದ್ದು.

"ತಾರೀಖು ತಪ್ಪಾಗಿದೆ" ಎಂದೆ.

"ಇಲ್ಲ. ನೀವು ಫೋನ್ ಕಾರ್ಡ್ ತರಲು ಕೆಳಗೆ ಹೋಗಿದ್ದಿರಲ್ಲ, ಆಗ ಟೈಪ್ ಮಾಡಿದೆ."

ಸಿಟ್ಟು ನೆತ್ತಿಗೇರಿತು. ಇಂಗ್ಲಿಷೆಲ್ಲ ಮರೆತುಹೋಯಿತು. "ಏಳ ವಾರ! ಏಳ ವಾರ ನನ್ನ ಜೀವಾ ತಿಂದ್ರಲ್ರೀ! ಒಂದ ಮಾತ ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ತು?" ಎಂದು ಅಚ್ಚ ಧಾರವಾಡದ ಮಾತಿನಲ್ಲಿ ಬೈದೆ. ಅವರು ಪ್ರತಿಯೊಂದು ಶಬ್ದ ತಿಳಿದವರ ಹಾಗೆ ತಲೆಯಾಡಿಸುತ್ತ, ಮುಗಿಯುವವರೆಗೂ ಕೇಳಿದರು. ಆಮೇಲೆ ಹೆಲ್ಮೆಟ್ ಕೈಗೆ ತೆಗೆದುಕೊಂಡು ಒಂದು ಪ್ರಶ್ನೆ ಕೇಳಿದರು.

"ಈ ಪತ್ರ ಆವತ್ತೇ ಕೊಟ್ಟಿದ್ದರೆ, ಆ ಗೋದಾಮಿನವನ ಹತ್ತಿರ ಎರಡನೇ ಸಲ ಹೋಗುತ್ತಿದ್ದಿರಾ?"

ಹೋಗುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ನಗುವೋ ಅಳುವೋ ತಿಳಿಯದ ಹಾಗೆ ಏನೋ ಒಂದು ಒತ್ತಿಕೊಂಡು ಬಂತು, ಪತ್ರದ ಮೇಲೆ ಎರಡು ಹನಿಯೂ ಬಿದ್ದವು.

"ಇಲ್ಲ" ಎಂದೆ.